ಕೊಲಂಬೋದಲ್ಲಿ ಊರಿನವರ ಹಾಗೆ ಒಂಬತ್ತು ದಿನ

ಮರದಾನ

ಟ್ರಾಮಿನ ಗಂಟೆಯನ್ನು ಡ್ರೈವರ್ ಕಾಲಿನಿಂದ ಬಾರಿಸುತ್ತಿದ್ದ. ಎರಡೂ ಕೈ ಹಿತ್ತಾಳೆ ಹಿಡಿಕೆಗಳ ಮೇಲೆ, ಹಿಮ್ಮಡಿ ಮಾತ್ರ ನೆಲದಲ್ಲಿದ್ದ ಒತ್ತುಗುಂಡಿಯ ಮೇಲೆ. ಟಣ್, ಟಣ್. ಯಾರಾದರೂ ಹಳಿಗೆ ಅಡ್ಡ ಬಂದರೆ ಟಣಟಣಟಣ ಅಂತ ಒಂದೇ ಉಸಿರಿಗೆ. ಕೊಲಂಬೋದ ಮರದಾನದಲ್ಲಿ ನಾವಿದ್ದ ಕೋಣೆ ರಸ್ತೆಗೆ ಅಂಟಿಕೊಂಡೇ ಇತ್ತು. ಗಂಟೆಯಾದಾಗಲೆಲ್ಲ ಸಿದ್ದಮಾವ ಬೆತ್ತದ ಕುರ್ಚಿಯಿಂದ ಅರ್ಧ ಎದ್ದು, "ಯಾರೋ ಬಂದ್ರು ಕಣಮ್ಮಿ" ಅಂತ ಪಿಸುಗುಡುತ್ತಿದ್ದ. ಯಾರೂ ಬಂದಿರುತ್ತಿರಲಿಲ್ಲ. ಆದರೂ ಒಂಬತ್ತು ದಿನವೂ ಯಾರೋ ಬಂದೇಬಿಡುತ್ತಾರೆ ಅನ್ನುವ ಹೆದರಿಕೆಯಲ್ಲೇ ಆ ಮನೆಯಲ್ಲಿದ್ದೆವು.

ಮೊನ್ನೆ ನನ್ನ ಮೊಮ್ಮಗಳು ರಜಕ್ಕೆ ಯಾವುದೋ ದೇಶಕ್ಕೆ ಹೋಗಿ ಬಂದಳು. "ಅಜ್ಜಿ, ನಾವು ಟೂರಿಸ್ಟ್ಸ್ ತರ ಇರಲೇ ಇಲ್ಲ, ಲೋಕಲ್ಸ್ ತರ ಇದ್ವಿ" ಅಂದಳು. ಅವಳಿಗೆ ಅದೊಂದು ಖುಷಿ. ನನ್ನ ಕೈಯಲ್ಲಿದ್ದ ಕಾಫಿ ಹಾಗೇ ಆರಿತು. ನಾನೂ ಒಂದು ದೊಡ್ಡ ಸಿಟಿಯಲ್ಲಿ ಅಲ್ಲಿಯವರ ಹಾಗೇ ಇದ್ದು ಬಂದವಳು. ಮ್ಯೂಸಿಯಂ ನೋಡಲಿಲ್ಲ, ಲೈಟ್‌ಹೌಸಿನ ಹತ್ತಿರ ಸುಳಿಯಲಿಲ್ಲ, ಒಂದು ಪಿಕ್ಚರ್ ಪೋಸ್ಟ್‌ಕಾರ್ಡ್ ಕೂಡ ತರಲಿಲ್ಲ. ನಾವು ಹೊರಗಿನಿಂದ ಬಂದವರು ಅಂತ ಗೊತ್ತಾಗಿದ್ದರೆ ನಮ್ಮಕ್ಕ ಅಲ್ಲಿ ಕಟ್ಟಿಕೊಂಡ ಬದುಕು ಒಂದು ಬೆಳಿಗ್ಗೆಯಲ್ಲಿ ಮುಗಿಯುತ್ತಿತ್ತು.

ಮದ್ದೂರು ಸ್ಟೇಷನ್

ಯುದ್ಧ ಶುರುವಾಗಿ ಏಳೆಂಟು ತಿಂಗಳಾಗಿತ್ತು. ನನಗೆ ಹದಿನೇಳು. ನಮ್ಮದು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ. ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ನಮ್ಮ ಹೊಲದ ಮೇಲೆ ಹಾದು ದೂರದೂರಿಗೆ ಹೋಗುತ್ತಿತ್ತು, ನಮ್ಮ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ. ಅಪ್ಪನಿಗೆ ಅಲ್ಲಿಯ ಇಂಗ್ಲಿಷ್ ದೊರೆಗಳನ್ನು ನೋಡಿ ನೋಡಿ ಇಂಗ್ಲಿಷಿನ ಮೇಲೆ ಮೋಹ. ಇಬ್ಬರು ಹೆಣ್ಣುಮಕ್ಕಳನ್ನೂ ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ. ಅವ್ವ ಬೇಡ ಅನ್ನಲಿಲ್ಲ. ಓದಿಸ್ಕೊ, ಆದರೆ ದೊಡ್ಡವಳು ನನ್ನ ತಮ್ಮನಿಗೆ ಅಂದಳು.

ತಮ್ಮ ಅಂದರೆ ಹೊಳಲಿನ ಸಿದ್ದೇಗೌಡ, ನಮ್ಮ ಸಿದ್ದಮಾವ. ನಮ್ಮಲ್ಲಿ ಸೋದರಮಾವನಿಗೆ ಕೊಡುವುದು ಹೇಳಿ ಕೇಳಿ ಮಾಡುವ ವಿಷಯವೇ ಅಲ್ಲ, ಹೆಣ್ಣು ತೊಟ್ಟಿಲಲ್ಲಿರುವಾಗಲೇ ಆಗಿಹೋಗಿರುತ್ತದೆ. ಅಕ್ಕ ನಿಂಗಮ್ಮ ಮಾತ್ರ ವೀಳ್ಯಶಾಸ್ತ್ರಕ್ಕೆ ಎಂಟು ದಿನ ಇದೆ ಅನ್ನುವಾಗ ಹೊಳೆ ದಾಟಿ ಹೋಗಿಬಿಟ್ಟಳು. ಆಗ ಆಚೆ ದಡ ಮದ್ರಾಸ್ ಪ್ರಾಂತ್ಯ. ಅಲ್ಲೊಂದು ಮಿಷನ್ ಆಸ್ಪತ್ರೆ ಸೇರಿ ನರ್ಸಿಂಗ್ ಕಲಿತಳು, ತಮಿಳು ಕಲಿತಳು, ಆಮೇಲೆ ಅಲ್ಲಿಂದಲೂ ಎಲ್ಲಿಗೋ ಹೋದಳು. ನಾಲ್ಕು ವರ್ಷ ಮನೆಯಲ್ಲಿ ಅವಳ ಹೆಸರೆತ್ತಿದವರಿಲ್ಲ. ನನಗೊಬ್ಬಳಿಗೆ ವರ್ಷಕ್ಕೊಂದೆರಡು ಸಲ ಕಾನ್ವೆಂಟಿಗೆ ಕಾಗದ ಬರುತ್ತಿತ್ತು, ಕಡೆಕಡೆಗೆ ಕೊಲಂಬೋ ಸ್ಟಾಂಪಿನದು. ಸಿಸ್ಟರ್ ಒಬ್ಬರು ಅದನ್ನು ಓದಿ, ಏನೂ ಹೇಳದೆ ನನ್ನ ಡೆಸ್ಕಿನ ಮೇಲಿಡುತ್ತಿದ್ದರು.

ನಾನು ಮೆಟ್ರಿಕ್ ಬರೆದು ಊರಿಗೆ ಬಂದ ವಾರವೇ ಅವ್ವ ತೀರ್ಮಾನ ಹೇಳಿದಳು. ನಿಂಗಿ ಬಂದರೆ ನಿಂಗಿ. ಬರದಿದ್ದರೆ ಈ ವೈಶಾಖಕ್ಕೆ ನೀನೇ ಸಿದ್ದನ ಕೈ ಹಿಡಿಯಬೇಕು. ಅವಳು ಬಂದಳೋ, ನೀನು ಕಾಲೇಜಿಗೆ ಹೋಗು, ನಾನು ಅಡ್ಡ ಬರೋದಿಲ್ಲ.

ಮದರ್ ಸುಪೀರಿಯರ್ ನನ್ನ ಸೀಟಿಗೆ ಆಗಲೇ ಬರೆದಿದ್ದರು. ಅಂದು ಸಂಜೆ ಟ್ರಂಕಿನ ತಳದಿಂದ ಅಕ್ಕನ ಕಾಗದ ತೆಗೆದು ಅವ್ವನಿಗೆ ವಿಳಾಸ ಕೊಟ್ಟವಳು ನಾನೇ. ಯಾರೂ ನನ್ನಿಂದ ಕಿತ್ತುಕೊಳ್ಳಲಿಲ್ಲ.

ಅಕ್ಕನಿಗೆ ಕಾಗದ ಹೋಯಿತು, ಅವಳಿಂದ ಉತ್ತರವೂ ಬಂತು. ಕರೆದುಕೊಂಡು ಬರಲು ಸಿದ್ದಮಾವ ಹೊರಟ, ಇಂಗ್ಲಿಷ್ ಮಾತಾಡಲು ನಾನು. ಮಳವಳ್ಳಿಯಿಂದ ಬಸ್ಸು ಹಿಡಿದು ಮದ್ದೂರಿಗೆ ಬಂದು ರೈಲಿಗೆ ಕಾಯುತ್ತಿದ್ದೆವು. ಮಾವ ನಿಗುರಿ ನಿಂತಿದ್ದ, ಹೊಸ ಕೋಟು, ಬಗಲಲ್ಲಿ ಐದು ಸೇರು ರಾಗಿಹಿಟ್ಟಿನ ಚೀಲ. ರೈಲು ಬಂದು ನಿಂತಾಗ ಹೊಳಲಿನ ಕಡೆಯ ಪರಿಚಯದವನೊಬ್ಬ ಎದುರು ಸಿಕ್ಕಿ, "ಏನ್ಲಾ ಸಿದ್ದ, ಎಲ್ಗ್ಲಾ ಒಂಟೆ?" ಅಂದುಬಿಟ್ಟ.

ಹೊರಟವನನ್ನು ಎಲ್ಲಿಗೆ ಅಂತ ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಮಾವ ಟ್ರಂಕು ಇಳಿಸಿ ಅದರ ಮೇಲೆ ಕೂತ. ನೀರು ಕುಡಿದ. ಇನ್ನೊಂದು ಗುಟುಕು ಕುಡಿದ. ಗಾರ್ಡು ಹಸಿರು ಬಾವುಟ ಬಿಚ್ಚುತ್ತಿದ್ದಾನೆ, ನಾನು ಕೋಟಿನ ತೋಳು ಹಿಡಿದು ಎಳೆಯುತ್ತಿದ್ದೇನೆ, ಇವನು "ಇರವ್ವ, ವಸಿ ಹೊತ್ತು" ಅನ್ನುತ್ತಾನೆ. ಓಡುವ ರೈಲಿಗೆ ನಮ್ಮನ್ನು ಹತ್ತಿಸಿದವರು ಪ್ಲಾಟ್‌ಫಾರಂ ಜನ.

ತಲೈಮನ್ನಾರ್

ಹಡಗು ಹತ್ತುವ ಮುಂಚೆ ತಪಾಸಣೆ ಮಾಡುವ ಮಂಡಪಂನಲ್ಲಿ ಟೀ ತೋಟಕ್ಕೆ ಹೋಗುವ ಕೂಲಿಯವರ ಸಾಲು ನೋಡಿದೆ. ಕೈಯಲ್ಲಿ ತಗಡಿನ ಡಬ್ಬ, ಕೊರಳಲ್ಲಿ ಚೀಟಿ. ಡಾಕ್ಟರು ನಮ್ಮ ರೆಪ್ಪೆ ಎಳೆದು ನೋಡಿ, ಯಾಕೆ ಹೋಗುತ್ತೀರಿ ಅಂತ ಕೇಳಿದ. ಅಂಕಲ್‌ಗೆ ಗಂಟಲು ಕಾಯಿಲೆ, ಕೊಲಂಬೋದಲ್ಲಿ ತೋರಿಸಬೇಕು ಅಂದೆ. ಅದು ಅಕ್ಕ ಬರೆದುಕೊಟ್ಟ ಉತ್ತರ.

ಹಡಗಿನಲ್ಲಿ ಅವಳ ಕಾಗದವನ್ನು ಮಾವನಿಗೆ ಇನ್ನೊಂದು ಸಲ ಓದಿ ಹೇಳಿದೆ. ಬರಬೇಡಿ ಅಂದರೆ ನೀವು ಕೇಳುವುದಿಲ್ಲ, ಬರುವುದಾದರೆ ನಾನು ಹೇಳಿದ ಹಾಗೆ ಬನ್ನಿ ಅಂತ ಶುರು. ಆ ವರ್ಷ ಅಲ್ಲಿ ಇಂಡಿಯಾದಿಂದ ಬಂದವರನ್ನು ಸರ್ಕಾರಿ ಕೆಲಸಗಳಿಂದ ಬಿಡಿಸುತ್ತಿದ್ದರು. ಅವಳ ಆಸ್ಪತ್ರೆಯಲ್ಲೂ ಪ್ರತಿಯೊಬ್ಬರೂ ಎಲ್ಲಿ ಹುಟ್ಟಿದ್ದು ಅಂತ ಪೇಪರು ಕೇಳಿದ್ದರು. ಅಕ್ಕ ಸೇರುವಾಗಲೇ ತಾನು ಅದೇ ದ್ವೀಪದ ಹ್ಯಾಟನ್ ಕಡೆಯ ಟೀ ಎಸ್ಟೇಟಿನಲ್ಲಿ ಹುಟ್ಟಿದ ಅನಾಥೆ ಅಂತ ಹೇಳಿಬಿಟ್ಟಿದ್ದಳು. ಅಲ್ಲಿ ಅವಳು ನಿಂಗಮ್ಮ ಅಲ್ಲ, ನರ್ಸ್ ನೀನಾ. ನಾವು ಎಸ್ಟೇಟಿನಿಂದ ಇಳಿದು ಬಂದ ಅವಳ ಅಂಕಲ್ ಮತ್ತು ಕಸಿನ್. ನಾನು ಇಂಗ್ಲಿಷ್ ಮಾತಾಡಿದರೆ ಸಾಕು. ಮಾವನಿಗೆ ಇಂಗ್ಲಿಷೂ ಬಾರದು, ತಮಿಳೂ ಬಾರದು, ಅದಕ್ಕೆ ಗಂಟಲು ಕಾಯಿಲೆ. ಅವನು ಬಾಯಿ ಬಿಡಲೇಬಾರದು.

ಮಾವ ಸಮುದ್ರ ನೋಡುತ್ತ ಎಲ್ಲ ಕೇಳಿಸಿಕೊಂಡ. "ಅಲ್ಲಮ್ಮಿ, ಗೌಡ್ರ ಮನೆ ಎಣ್ಣು, ಅಪ್ಪ ಅವ್ವ ಇಲ್ಲ ಅಂತ ಬರ್ಸ್ಕಂಡವ್ಳಲ್ಲ" ಅಂದ. ಅಷ್ಟೇ. ಆಚೆ ದಡದ ತಲೈಮನ್ನಾರಿನಲ್ಲಿ ಇಳಿದ ಮೇಲೆ ಹೇಳಿದ ಹಾಗೆ ಬಾಯಿ ಮುಚ್ಚಿದ.

ಮಿಸೆಸ್ ಡಿ ವೋಸ್ ಅವರ ಮನೆ

ಕೊಲಂಬೋದಲ್ಲಿ ಅಕ್ಕ ಇದ್ದದ್ದು ಒಬ್ಬ ಬರ್ಗರ್ ವಿಧವೆಯ ಮನೆಯ ಹಿಂಭಾಗದಲ್ಲಿ, ನಮಗೆ ಕೊಟ್ಟದ್ದು ರಸ್ತೆ ಬದಿಯ ಕೋಣೆ. ಬರ್ಗರರು ಅಂದರೆ ಹಿಂದಿನ ಡಚ್ಚರ ವಂಶದವರು, ಮನೆಯಲ್ಲಿ ಇಂಗ್ಲಿಷ್, ಗೋಡೆಯ ತುಂಬ ಕಪ್ಪು ಫ್ರೇಮಿನ ತಾತಂದಿರು. ಮಿಸೆಸ್ ಡಿ ವೋಸ್ ಎತ್ತರದ ಹೆಂಗಸು, ಸ್ವಲ್ಪ ಗೂನು, ಕಿವಿ ಮಾತ್ರ ಬಲು ಚುರುಕು.

ಗೇಟು ತೆಗೆದವಳು ಅಕ್ಕನೇ. ಬಿಳಿ ಯೂನಿಫಾರಂ, ನೆಟ್ಟಿನೊಳಗೆ ಬಿಗಿದ ಕೂದಲು. ನಾಲ್ಕು ವರ್ಷದ ಮೇಲೆ ನೋಡಿದ ತಂಗಿಯನ್ನು ತಬ್ಬಿಕೊಳ್ಳಲಿಲ್ಲ. ಮಾವನ ಕಡೆ ತಿರುಗಿ, ಗಂಟಲು ಹೇಗಿದೆ ಅಂಕಲ್, ಅಂತ ತಮಿಳಿನಲ್ಲಿ ಕೇಳಿದಳು. ಮಾವ ಕುತ್ತಿಗೆ ಮುಟ್ಟಿಕೊಂಡು ತಲೆಯಾಡಿಸಿದ. ಅವನ ಕಣ್ಣು ತುಂಬಿತ್ತು. ಮಿಸೆಸ್ ಡಿ ವೋಸ್ ಅದನ್ನು ನೋವು ಅಂದುಕೊಂಡು, ಪೂರ್ ಮ್ಯಾನ್ ಅಂದರು.

ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಅಕ್ಕ ನಮಗೆ ಪಾಠ ಹೇಳುತ್ತಿದ್ದಳು. ಕಟ್ಟಡ ನೋಡಲು ಕತ್ತೆತ್ತಬೇಡಿ. ಅಂಗಡಿ ಬೋರ್ಡುಗಳನ್ನು ನಿಂತು ಓದಬೇಡಿ. ದಾರಿ ಕೇಳಬೇಡಿ, ತಪ್ಪಿದರೆ ತಪ್ಪಿದ ದಾರಿಯಲ್ಲೇ ಹೋಗಿ, ಬೇಕಂತಲೇ ಹೋದ ಹಾಗೆ. ಬಿಸಿಲಿದ್ದರೂ ಕೊಡೆ, ಮೋಡವಿದ್ದರೂ ಕೊಡೆ. ಸಮುದ್ರ ಕಂಡರೆ ಕಂಡಿಲ್ಲ ಅನ್ನುವ ಹಾಗಿರಿ. ಅಲ್ಲಿ ಹುಟ್ಟಿದವರು ಯಾರೂ ಸಮುದ್ರ ನೋಡಿ ನಿಲ್ಲುವುದಿಲ್ಲ.

ನೋಡಬಾರದು ಅಂದಾಗ ಕಣ್ಣಿಗೆ ಎಷ್ಟೆಲ್ಲ ಬೀಳುತ್ತದೆ. ವಯಸ್ಸಾದ ಗಂಡಸರು ತಲೆಗೆ ಆಮೆಚಿಪ್ಪಿನ ಬಾಚಣಿಗೆ ಸಿಕ್ಕಿಸಿಕೊಂಡು ಆಫೀಸಿಗೆ ಹೋಗುತ್ತಿದ್ದರು. ಬಾವಿಕಟ್ಟೆಯಲ್ಲಿ ಹೆಂಗಸರು ಎದೆಗೆ ಸೀರೆ ಬಿಗಿದು ಎಲ್ಲರೆದುರೇ ನೀರು ಹುಯ್ದುಕೊಳ್ಳುತ್ತಿದ್ದರು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಬ್ರೆಡ್ಡಿನವನು ಗಾಜಿನ ಪೆಟ್ಟಿಗೆ ತಲೆ ಮೇಲಿಟ್ಟುಕೊಂಡು ಬಂದರೆ ಬೀದಿಗೆಲ್ಲ ವಾಸನೆ. ನಮ್ಮ ಕಡೆ ಬ್ರೆಡ್ಡು ಅಂದರೆ ಜ್ವರ ಬಂದವರ ಊಟ. ಇಲ್ಲಿ ಗಟ್ಟಿಮುಟ್ಟಾದ ಜನ ಎರಡು ಹೊತ್ತೂ ತಿನ್ನುವುದು ಕಂಡು ಮಾವ ಮರುಕದಿಂದ ನೋಡುತ್ತಿದ್ದ.

ಅವನು ಎಡವಿದ್ದು ಇನ್ನೊಂದು ವಿಷಯದಲ್ಲಿ. ಎದುರು ಮನೆಯ ಬಾಚಣಿಗೆಯ ತಾತ ನಾವು ಗೇಟು ದಾಟಿದಾಗಲೆಲ್ಲ ನಗುತ್ತ ಏನೋ ಕೇಳುತ್ತಿದ್ದ. ಎಲ್ಲಿಗೆ ಹೊರಟಿರಿ ಅಂತ ಕೇಳುತ್ತಾರೆ, ಇಲ್ಲಿ ಅದೇ ನಮಸ್ಕಾರ ಅಂತ ಅಕ್ಕ ಅರ್ಥ ಹೇಳಿದಳು. ಹೇಳಬಾರದಿತ್ತು. ಮಾರನೆಯ ದಿನ ತಾತ ಕೇಳಿದ್ದೇ ತಡ, ಮಾವ ಗಿರಕ್ಕನೆ ತಿರುಗಿ ಒಳಗೆ ಬಂದು ಕೂತ. ನೀರು ಕುಡಿದು ಮತ್ತೆ ಹೊರಟ. ತಾತ ಮತ್ತೆ ಕೇಳಿದ. ಮತ್ತೆ ಒಳಗೆ. ಮೂರನೇ ಸಲ ತಾತನ ನಗು ನಿಂತು ಕಣ್ಣು ಕಿರಿದಾಯಿತು. ಈ ಕಡೆ ಕಿಟಕಿಯ ಪರದೆ ಸರಿಸಿ ಮಿಸೆಸ್ ಡಿ ವೋಸ್ ನೋಡುತ್ತಿದ್ದರು.

ಆವತ್ತು ಅವರು ನನ್ನನ್ನು ಟೀಗೆ ಕರೆದರು. ಪಿಯಾನೋ ಮೇಲೆ ಒಂದು ಪೇಪರಿತ್ತು. ಆಸ್ಪತ್ರೆಗೆ ನೀನಾ ಬಗ್ಗೆ ತಾವು ಜಾಮೀನು ಸೈನ್ ಮಾಡಬೇಕು, ಇಲ್ಲೇ ಹುಟ್ಟಿದವಳು ಅಂತ, ಸೋಮವಾರ ಕೊಟ್ಟು ಕಳಿಸಬೇಕು ಅಂದರು. ಭಾನುವಾರ ಚರ್ಚಿಗೆ ಹೋಗಿ ಬಂದು ಮಾಡುತ್ತೇನೆ, ಹೆಸರು ಹಾಕುವ ಮುಂಚೆ ಒಂದು ಪ್ರಾರ್ಥನೆ ಮಾಡುವುದು ನನ್ನ ಹಸ್ಬೆಂಡ್ ಇದ್ದಾಗಿನ ಅಭ್ಯಾಸ ಅಂದರು. ಹೇಳುವಾಗ ಅವರ ಕಣ್ಣು ನನ್ನ ಮುಖದ ಮೇಲೇ ಇತ್ತು. ನಾನು ಸಾಸರಿನಲ್ಲಿ ಟೀ ಚೆಲ್ಲಿದೆ.

ಗಾಲ್ ಫೇಸ್

ಆ ಮನೆಯಲ್ಲಿ ಪಿಸುಮಾತು ಬಿಟ್ಟರೆ ಕನ್ನಡ ಆಡುವ ಹಾಗಿರಲಿಲ್ಲ. ಶನಿವಾರ ಸಂಜೆ ಅಕ್ಕ ನಮ್ಮನ್ನು ಗಾಲ್ ಫೇಸ್ ಮೈದಾನಕ್ಕೆ ಕರೆದೊಯ್ದಳು. ಸಾಹೇಬರು ಹೆಂಡಿರ ಜೊತೆ ಗಾಳಿಗೆ ಬರುವ ಜಾಗ. ನಾವು ಬಂದದ್ದು ಅಲೆಗಳ ಗದ್ದಲದಲ್ಲಿ ನಮ್ಮ ಮಾತು ಯಾರಿಗೂ ಕೇಳಿಸುವುದಿಲ್ಲ ಅಂತ.

ಮಾವ ಐದು ದಿನದಿಂದ ಕಟ್ಟಿಟ್ಟ ಬಾಯಿ ಬಿಚ್ಚಿದ. "ನಿಂಗಿ, ಸುತ್ತಿ ಬಳ್ಸಿ ಮಾತಾಡಾಕೆ ನಂಗ್ ಬರಾಕಿಲ್ಲ. ಬತ್ತೀಯೋ ಇಲ್ವೋ, ಅಷ್ಟ್ ಯೋಳ್ಬುಡು."

"ಬರಾಕಿಲ್ಲ ಮಾವ."

ಅಷ್ಟು ಬೇಗ ಹೇಳುತ್ತಾಳೆ ಅಂತ ಅವನು ಎಣಿಸಿರಲಿಲ್ಲ. ನಾನೂ ಎಣಿಸಿರಲಿಲ್ಲ.

"ನಾನ್ ಬ್ಯಾಡ್ವಾ, ಊರೇ ಬ್ಯಾಡ್ವಾ?"

ಅಕ್ಕ ಸ್ವಲ್ಪ ಹೊತ್ತು ಕೊಡೆಯ ತುದಿಯಿಂದ ಹುಲ್ಲು ಕೆದಕಿದಳು. "ನೀನ್ ಕೆಟ್ಟೋನು ಅಂತ ನಾನು ಯಾವತ್ತೂ ಅಂದಿಲ್ಲ. ಇಲ್ಲಿ ಬೆಳಿಗ್ಗೆ ಎದ್ದು ಇಪ್ಪತ್ತು ಮಂಚದ ಜ್ವರ ನೋಡಿದ್ರೆ ನನ್ಗೆ ದಿನ ಆಗ್ತದೆ. ಅಲ್ಲಿ ಬಂದು ನಿನ್ ಹಟ್ಟಿ ಗುಡಿಸ್ಕಂಡು ಕೂತ್ರೆ ನಾನು ನಿನ್ಗೂ ಆಗಲ್ಲ, ನನ್ಗೂ ಆಗಲ್ಲ."

"ನಾಕ್ ವರ್ಸ ಕಾದೆ ಕಣವ್ವ" ಅಂದ ಮಾವ. "ಕೇಳ್ದೋರ್ಗೆಲ್ಲ ಓದ್ತಾವ್ಳೆ, ಬತ್ತಾಳೆ ಅಂತಿದ್ದೆ."

ಅಕ್ಕ ಅವನ ಕೈ ಮುಟ್ಟಿದಳು, ರೋಗಿಯ ನಾಡಿ ಹಿಡಿಯುವ ಹಾಗೆ. ಆಗ ಮಾವ ನನ್ನ ಕಡೆ ನೋಡಿದ. ಏನು ಹೇಳಲು ಹೊರಟಿದ್ದಾನೆ ಅಂತ ನನಗೆ ಗೊತ್ತು. ನೀನು ಬರದಿದ್ದರೆ ಇವಳು, ಅನ್ನುವ ಮಾತು. ಅಕ್ಕನಿಗೆ ಅದು ಗೊತ್ತಿರಲಿಲ್ಲ, ನಮ್ಮ ಕಾಗದದಲ್ಲಿ ಅವ್ವ ಅದನ್ನು ಬರೆಸಿರಲಿಲ್ಲ. ನಾನು ಬೇಡ ಅಂತ ಕಣ್ಣಲ್ಲೇ ತಡೆದೆ. ಯಾಕೆ ತಡೆದೆ ಅಂತ ಇಂದಿಗೂ ಯೋಚಿಸುತ್ತೇನೆ. ಹೇಳಿದರೆ ಅಕ್ಕ ನನಗೋಸ್ಕರ ಬಂದುಬಿಡುತ್ತಾಳೆ ಅಂತ ಹೆದರಿದೆನೋ, ಹೇಳಿದರೂ ಬರುವುದಿಲ್ಲ ಅಂತ ಹೆದರಿದೆನೋ.

ಭಾನುವಾರದ ಅಡುಗೆಮನೆ

ಮಿಸೆಸ್ ಡಿ ವೋಸ್ ಚರ್ಚಿಗೆ ಹೋದ ಮೇಲೆ ಮನೆಯಲ್ಲಿ ನಾವು ಮೂವರೇ. ಅಕ್ಕನಿಗೆ ಅಂದು ರಜ. ಮಾವನ ಮುಖ ನೋಡಲಾಗದೆಯೋ ಏನೋ, ಹಿಟ್ಟು ತಂದಿದ್ದೀಯಲ್ಲ, ಮುದ್ದೆ ಮಾಡ್ತೀನಿ ಅಂದಳು.

ಕೋಲಿಲ್ಲ, ಮಿಸೆಸ್ ಡಿ ವೋಸ್ ತಮ್ಮ ಚರ್ಚಿನ ಪಾದ್ರಿಗೆ ಕೇಕು ಕಲೆಸುವ ಮರದ ಸೌಟಿನಲ್ಲೇ ತಿರುವಿದಳು. ಬೇಳೆ, ಯಾವುದೋ ಅಲ್ಲಿಯ ಸೊಪ್ಪು ಬೇಯಿಸಿ ಉಪ್ಸಾರು, ಕಲ್ಲಿನಲ್ಲಿ ಅರೆದ ಖಾರ. ಆ ಡಚ್ಚರ ಅಡುಗೆಮನೆಯಲ್ಲಿ ನಮ್ಮ ಬೆಳಕವಾಡಿಯ ಹೊಗೆ ಎದ್ದಿತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು ಇಬ್ಬರೂ. ನಾನು ಬಾಗಿಲ ಬಳಿ ಕಾವಲು, ಆದರೆ ನೋಡುತ್ತಿದ್ದದ್ದು ಇವರನ್ನೇ.

ಓದುವವರಲ್ಲಿ ನಮ್ಮ ಕಡೆಯವರಲ್ಲದವರಿಗೆ ಹೇಳಬೇಕು. ಮುದ್ದೆಯನ್ನು ನಾವು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟು ನುಂಗಿಬಿಡುತ್ತೇವೆ. ನಿಂಬೆಹಣ್ಣಿನ ಗಾತ್ರದ ತುತ್ತು ಗಂಟಲಲ್ಲಿ ಇಳಿಯುವುದು ಹೊರಗಿನಿಂದ ಕಾಣುತ್ತದೆ. ಅಗಿದು ತಿನ್ನುವವನನ್ನು ಕಂಡರೆ ಮಕ್ಕಳೂ ನಗುತ್ತಾರೆ. ಮಾವ ಆರು ದಿನದ ಹಸಿವು ತೀರಿಸುತ್ತಿದ್ದ, ಒಂದಾದ ಮೇಲೊಂದು. ಅಕ್ಕನೂ ಅಷ್ಟೇ. ನಾಲ್ಕು ವರ್ಷ ಸ್ಪೂನು ಫೋರ್ಕು ಹಿಡಿದ ಕೈ ಒಂದು ಗಳಿಗೆಯಲ್ಲಿ ಎಲ್ಲ ಮರೆತಿತ್ತು. ಅಕ್ಕ ಮೊದಲ ಸಲ ಅತ್ತದ್ದು ಆಗ, ನುಂಗುತ್ತಲೇ ಅಳುತ್ತಿದ್ದಳು.

ಚರ್ಚಿಗೆ ಹೋದವರು ಬಿಸಿಲಿಗೆ ತಲೆಸುತ್ತು ಬಂದು ಅರ್ಧದಲ್ಲೇ ಹಿಂದಿರುಗಿದ್ದರು. ಬಂದದ್ದು ಹಿತ್ತಿಲ ಬಾಗಿಲಿನಿಂದ. ನಾನು ಕಾದಿದ್ದದ್ದು ಮುಂಬಾಗಿಲು.

ಹ್ಯಾಟು ಗ್ಲೌಸುಗಳಲ್ಲೇ ನಿಂತಿದ್ದರು ಮಿಸೆಸ್ ಡಿ ವೋಸ್. ಎಷ್ಟು ಹೊತ್ತಿನಿಂದ ಅಂತ ಗೊತ್ತಿಲ್ಲ. ಗಂಟಲು ಕಾಯಿಲೆಯವನು ಅವರ ಕಣ್ಣೆದುರೇ ಇನ್ನೊಂದು ತುತ್ತು ಇಳಿಸಿದ. ಅವರು ಮೊದಲು ಅವನು ಸತ್ತೇಹೋದ ಅನ್ನುವ ಹಾಗೆ ಕೈ ಮುಂದೆ ಚಾಚಿದರು. ಆಮೇಲೆ ಕೈ ನಿಧಾನವಾಗಿ ಇಳಿಯಿತು. ಅವನನ್ನು ನೋಡಿದರು, ಅಕ್ಕನನ್ನು ನೋಡಿದರು. ಒಂದೇ ಭಂಗಿ, ಒಂದೇ ಕೈ, ಒಂದೇ ಗಂಟಲು. ಅಕ್ಕನ ಬೆರಳುಗಳಲ್ಲಿ ಹಿಡಿದ ತುತ್ತು ಹಾಗೇ ನಿಂತಿತ್ತು.

"ಯೂ, ಚೈಲ್ಡ್" ಅಂದರು ನನಗೆ. "ಹಾಲ್‌ಗೆ ಬಾ. ಒಂದು ತಟ್ಟೆಯಲ್ಲಿ ಅದನ್ನೂ ತಗೊಂಡು ಬಾ."

ಹಾಲ್

ಪೇಪರು ಪಿಯಾನೋ ಮೇಲೆಯೇ ಇತ್ತು, ಪಕ್ಕದಲ್ಲಿ ಪೆನ್ನು. ಅವರು ಕೂರಲಿಲ್ಲ, ನನ್ನನ್ನೂ ಕೂರಿಸಲಿಲ್ಲ. ಎಲ್ಲ ಇಂಗ್ಲಿಷಿನಲ್ಲೇ ನಡೆಯಿತು, ಹಾಗಾಗಿ ಅಡುಗೆಮನೆಯಲ್ಲಿ ಕಿವಿಗೊಟ್ಟು ಕೂತ ಮಾವನಿಗೆ ನನ್ನ ದನಿಯೊಂದು ಬಿಟ್ಟರೆ ಏನೂ ತಿಳಿಯುವಂತಿರಲಿಲ್ಲ.

ತಿನ್ನು ಅಂದರು.

ತಿಂದೆ. ಕಾನ್ವೆಂಟಿನಲ್ಲಿ ಏಳು ವರ್ಷ, ಬಾಯಿ ಮುಚ್ಚಿ, ಎಣಿಸಿ ಅಗಿಯಬೇಕು ಅಂತ ಕಲಿಸಿದ್ದರು. ನುಂಗಲು ನೋಡಿದೆ, ಗಂಟಲು ಒಪ್ಪಲಿಲ್ಲ. ಅಗಿದೆ. ಹಲ್ಲಿಗೆಲ್ಲ ಮೆತ್ತಿತು. ಅವ್ವ ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಮಿಸೆಸ್ ಡಿ ವೋಸ್ ನಾನು ಮುಗಿಸುವವರೆಗೆ ನೋಡಿದರು.

ಹಾಗಾದರೆ ನಿಮ್ಮವರು ಅಗಿಯುತ್ತಾರೆ ಅಂದರು.

ಹೌದು ಆಂಟಿ. ಅಂಕಲ್‌ಗೆ ಅಗಿದರೆ ನೋವು, ಅದಕ್ಕೇ ನುಂಗುತ್ತಾರೆ. ಅವರಿಗೆ ನಾಚಿಕೆಯಾಗದಿರಲಿ ಅಂತ ನೀನಾ ಕೂಡ ಹಾಗೇ ಮಾಡುತ್ತಾಳೆ ಅಂದೆ.

ಇಷ್ಟು ಸಲೀಸಾಗಿ ಬಂದದ್ದು ಕೇಳಿ ನನಗೇ ಹೆದರಿಕೆಯಾಯಿತು.

"ಸಿಸ್ಟರ್ಸ್ ಹತ್ತಿರ ಓದಿದವಳು ನೀನು" ಅಂದರು. "ಬೈಬಲ್ ತರಿಸುವುದಿಲ್ಲ. ಬರೀ ಬಾಯಿಂದ ಹೇಳು, ಸಾಕು. ನೀನಾ ಈ ಐಲೆಂಡಿನಲ್ಲಿ ಹುಟ್ಟಿದವಳೇ?"

ಇಲ್ಲ ಅನ್ನಬಹುದಿತ್ತು. ಒಂದೇ ಮಾತು, ಅದೂ ನಿಜವಾದ ಮಾತು. ಅಕ್ಕನ ಕೆಲಸ ಹೋಗುತ್ತಿತ್ತು, ಹಡಗಿನಲ್ಲಿ ನಮ್ಮ ಜೊತೆ ಬರಲೇಬೇಕಾಗುತ್ತಿತ್ತು, ವೈಶಾಖದಲ್ಲಿ ಹಸೆಮಣೆ ಮೇಲೆ ಅವಳು ಕೂರುತ್ತಿದ್ದಳು. ಜೂನಿನಲ್ಲಿ ನಾನು ಮೈಸೂರಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದೆ. ಯಾರೂ ನನ್ನನ್ನು ದೂರುವಂತಿರಲಿಲ್ಲ. ಸುಳ್ಳು ಮಹಾಪಾಪ ಅಂತ ಕಲಿತವಳು ನಿಜ ಹೇಳಿದಳು, ಅಷ್ಟೇ. ಒಂದು ಸಲ ವಿಳಾಸ ಕೊಟ್ಟಿದ್ದೆ. ಇನ್ನೊಂದು ಸಲ ಕೊಡುವುದು ಅಷ್ಟೇನೂ ಕಷ್ಟವಿರಲಿಲ್ಲ.

"ಯೆಸ್, ಆಂಟಿ" ಅಂದೆ. ಸಾಲದು ಅನ್ನಿಸಿತು. ಹ್ಯಾಟನ್ ಹತ್ತಿರ, ಮಳೆಗಾಲದಲ್ಲಿ ಅಂದೆ. ಮನೆಗೆ ಜಲಪಾತದ ನೀರು ಬೀಳುವ ಸದ್ದು ಕೇಳುತ್ತಿತ್ತು, ಮಳೆ ಜಾಸ್ತಿಯಾದರೆ ಅಂಗಳದಲ್ಲಿ ನಿಂತು ಕೂಗಿ ಮಾತಾಡಬೇಕಿತ್ತು ಅಂದೆ. ಬೆಳಕವಾಡಿಯ ನಮ್ಮ ಮನೆಯನ್ನೇ ಎತ್ತಿಕೊಂಡು ಹೋಗಿ ನಾನು ಕಂಡಿರದ ಟೀ ಬೆಟ್ಟದಲ್ಲಿಟ್ಟೆ.

ಮಿಸೆಸ್ ಡಿ ವೋಸ್ ಗ್ಲೌಸು ಬಿಚ್ಚಿದರು, ಒಂದೊಂದೇ ಬೆರಳು. ಪ್ರಾರ್ಥನೆ ಮಾಡಿದ ಹಾಗೆ ಕಾಣಲಿಲ್ಲ. ಪೇಪರು ತೆಗೆದುಕೊಂಡು ಸೈನ್ ಮಾಡಿದರು. ಇಂಕು ಆರಲು ಊದುತ್ತ, "ನಿನ್ನ ಅಂಕಲ್‌ಗೆ ಹೇಳು, ಸಣ್ಣ ತುತ್ತು ತಗೊಳ್ಳಲಿ" ಅಂದರು. ಅವರು ನಂಬಿದರೋ ಇಲ್ಲವೋ ನನಗೆ ತಿಳಿಯದು. ಮೂರು ದಿನ ಕಳೆದು ನಾವು ಹೊರಡುವವರೆಗೂ ಆ ವಿಷಯ ಎತ್ತಲಿಲ್ಲ.

ವಾಪಸ್ ಹಡಗಿನಲ್ಲಿ

ಕೊಲಂಬೋದಲ್ಲಿ ನಾವು ರೈಲು ಹತ್ತಿದ ಫೋರ್ಟ್ ಸ್ಟೇಷನ್ ಬಿಟ್ಟು ಮುಂದಕ್ಕೆ ಬಂದಿದ್ದೇನೆ, ಬೇಕಂತಲೇ. ಅದನ್ನು ಕಡೆಗೆ ಬರೆಯುತ್ತೇನೆ.

ಹಡಗು ಹೊರಟ ಮೇಲೆ ಮಾವ ಕೇಳಿದ, ಆವತ್ತು ಆಯಮ್ಮ ನಿನ್ನ ಏನು ಕೇಳಿದಳು ಅಂತ. ಹೇಳಿದೆ. ನಾನು ಏನಂದೆ ಅನ್ನುವುದನ್ನೂ ಹೇಳಿದೆ. ಅವನು ಕಂಬಿ ಹಿಡಿದು ನೀರು ನೋಡುತ್ತ ನಿಂತ.

"ಅಂಗಾರೆ ನಿನ್ ಕಾಲೇಜು?"

ಗಾಳಿಗೆ ಹಾರುತ್ತಿದ್ದ ಸೆರಗನ್ನು ನಾನು ಸೊಂಟಕ್ಕೆ ಸಿಕ್ಕಿಸಿದೆ.

"ನಾನ್ ಒಲ್ಲೆ ಅಂದ್ಬುಡ್ಲಾ ನಿಮ್ಮವ್ವಂಗೆ?" ಅಂದ. ಮನಸ್ಸಿಟ್ಟೇ ಅಂದ. ಮದ್ದೂರಿನಲ್ಲಿ ಇಳಿಯುವವರೆಗೂ ಅದನ್ನೇ ಗುನುಗುತ್ತಿದ್ದ, ಒಲ್ಲೆ ಅಂತೀನಿ, ಅಂದೇ ಅಂತೀನಿ. ಅವ್ವನ ಎದುರು ನಿಂತಾಗ ಅವನಿಂದ ಆಗಲಿಲ್ಲ. ನನ್ನಿಂದಲೂ ಆಗಲಿಲ್ಲ. ಕಾಗದ ಬರೆದ ಮೇಲೆ ನಿಂಗಿ ಆ ಮನೆ ಬಿಟ್ಟು ಹೋಗಿದ್ದಾಳೆ, ಈಗ ಅಲ್ಲಿ ಬೇರೆ ಯಾರೋ ಇದ್ದಾರೆ ಅಂತ ಇಬ್ಬರೂ ಒಂದೇ ಮಾತು ಹೇಳಿದೆವು. ಅಪ್ಪ ಎದ್ದು ಹೊಲದ ಕಡೆ ಹೋದ.

ವೈಶಾಖದಲ್ಲಿ ನಮ್ಮ ಮದುವೆಯಾಯಿತು. ಕೆಟ್ಟ ಬಾಳು ಅನ್ನಲಾರೆ. ಒಳ್ಳೆಯ ಮನುಷ್ಯ, ಏರಿದ ದನಿಯಲ್ಲಿ ಮಾತಾಡಿದವರಲ್ಲ. ಹೊಳಲಿನಲ್ಲಿ ಯಾರ ಮನೆಗೆ ಟೆಲಿಗ್ರಾಂ ಬಂದರೂ ಓದಿಸಲು ನಮ್ಮ ಜಗಲಿಗೆ ತರುತ್ತಿದ್ದರು, ನನ್ನ ಇಂಗ್ಲಿಷ್ ಅಷ್ಟಕ್ಕೆ ಉಪಯೋಗವಾಯಿತು. ಕಾಲೇಜಿನ ಮುಂದೆ ಬಸ್ಸಿನಲ್ಲಿ ಹಾದು ಹೋಗುವಾಗ ನಮ್ಮನೆಯವರು ಬೇಕಂತಲೇ ಎದುರು ಬದಿಯ ಕಿಟಕಿಯಲ್ಲಿ ಏನನ್ನೋ ತೋರಿಸುತ್ತಿದ್ದರು.

ಮದುವೆಯ ಸುದ್ದಿಯನ್ನು ನಾನೇ ಅಕ್ಕನಿಗೆ ಬರೆದೆ. ಅವಳು ಎರಡು ವರ್ಷ ನನಗೆ ಕಾಗದ ಹಾಕಲಿಲ್ಲ. ಕೊಲಂಬೋ ಮೇಲೆ ಬಾಂಬು ಬಿದ್ದ ಸುದ್ದಿ ಪೇಪರಿನಲ್ಲಿ ಬಂದ ತಿಂಗಳು ಒಂದು ಕಾರ್ಡು ಬಂತು, ಬದುಕಿದ್ದೇನೆ ಅಂತ. ಆಮೇಲೆ ಆಗಾಗ ಬರೆಯುತ್ತಿದ್ದಳು, ರೋಗಿಗಳ ವಿಷಯ, ಮಳೆಯ ವಿಷಯ. ಹೋಗಬೇಕು ಅಂದುಕೊಂಡೆವು, ಯುದ್ಧ ಅಡ್ಡ ಬಂತು, ಮಕ್ಕಳು ಬಂದರು, ಪಾಸ್‌ಪೋರ್ಟಿನ ಕಾನೂನು ಬಂತು. ಅವಳು ಅಲ್ಲೇ ತೀರಿಕೊಂಡ ಸುದ್ದಿ ಒಬ್ಬ ಮೇಟ್ರನ್ ಬರೆದ ಕಾಗದದಲ್ಲಿ ಬಂತು. ಅದರಲ್ಲಿ ಅವಳನ್ನು ಹ್ಯಾಟನ್‌ನಲ್ಲಿ ಹುಟ್ಟಿದ ನೀನಾ ಅಂತಲೇ ಬರೆದಿದ್ದರು.

ಫೋರ್ಟ್ ಸ್ಟೇಷನ್

ಸಂಜೆಯ ರೈಲು. ಅಕ್ಕ ಡ್ಯೂಟಿಯಿಂದ ನೇರ ಬಂದಿದ್ದಳು, ಕ್ಯಾಪು ಕೂಡ ತೆಗೆದಿರಲಿಲ್ಲ. ಪೇಪರು ಆಫೀಸಿಗೆ ಮುಟ್ಟಿತ್ತು, ಯಾರೂ ಏನೂ ಕೇಳಿರಲಿಲ್ಲ. ಮುಖ ಹಗುರವಾಗಿತ್ತು. ಮಾವ ಕೂಜಾ ತುಂಬಿಸಿಕೊಂಡು ಬರಲು ನಲ್ಲಿಯ ಹತ್ತಿರ ಹೋದ. ನಾನು ಕಿಟಕಿಯೊಳಗೆ, ಅವಳು ಹೊರಗೆ. ಸುತ್ತ ಅಷ್ಟು ಜನರಿದ್ದರೂ ಅವಳು ಕನ್ನಡದಲ್ಲೇ ಮಾತಾಡಿದಳು.

"ಕಾಲೇಜು ಯಾವಾಗ ಶುರು?"

"ಜೂನ್‌ನಲ್ಲಿ."

"ಅವ್ವ ಬಿಡ್ತಾಳಾ?"

"ಒಪ್ಪಿದ್ದಾಳೆ."

"ಸೈನ್ಸ್ ತಗೋ. ಹೆದರ್ಕೋಬೇಡ, ನಿನ್ ತಲೆ ನನ್ ತಲೆಗಿಂತ ಚೆನ್ನಾಗಿದೆ." ಆಮೇಲೆ ನಲ್ಲಿಯ ಕಡೆ ನೋಡಿ ದನಿ ತಗ್ಗಿಸಿದಳು. "ಪಾಪ, ಮಾವಂಗೆ ಬೇರೆ ಹೆಣ್ಣು ನೋಡ್ತಾರಾ?"

"ನೋಡಿದ್ದಾರೆ" ಅಂದೆ.

"ಒಳ್ಳೇವಳಾ?"

"ಹೂಂ. ಒಳ್ಳೇವಳಂತೆ."

ಅಕ್ಕ ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ನನ್ನ ಕೆನ್ನೆ ಹಿಡಿದಳು. ಅವಳ ಬೆರಳಲ್ಲಿ ಡೆಟಾಲಿನ ವಾಸನೆಯಿತ್ತು. ಅಷ್ಟರಲ್ಲಿ ಮಾವ ಬಂದ, ಸೀಟಿಯಾಯಿತು, ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ರೈಲು ಅಲುಗಿದಾಗ ಮಾವನಿಗೆ ಎರಡೂ ಕೈ ಮುಗಿದಳು. ಆಮೇಲೆ ಹಣ್ಣಿನ ಬುಟ್ಟಿಯವರ, ಸೋಲ್ಜರುಗಳ ಮಧ್ಯೆ ಒಂದೇ ಕಡೆ ನಿಂತು ನನ್ನನ್ನೇ ನೋಡುತ್ತ ಕೈ ಬೀಸಿದಳು. ನಗುತ್ತಿದ್ದಳು. ತಂಗಿ ಕಾಲೇಜಿಗೆ ಹೋಗುತ್ತಾಳೆ ಅಂತ ಬಾಯಿ ತುಂಬ ನಗುತ್ತಿದ್ದಳು. ನಾನೂ ನಗುತ್ತ ಕೈ ಬೀಸಿದೆ, ಅವಳ ಬಿಳಿ ಕ್ಯಾಪು ಜನರಲ್ಲಿ ಸೇರಿ ಕಾಣದಾಗುವವರೆಗೆ. ಅಕ್ಕನನ್ನು ನಾನು ನೋಡಿದ್ದು ಅದೇ ಕೊನೆ.